ಹೊಲ ಸೇರಿದ ಸೋಯಾ ಒಲೆ ಸೇರಲಿಲ್ಲ

ಬಿತ್ತಿ ನಲವತ್ತು ದಿನವಾದ ಸೋಯಾ ಗಿಡವೊಂದನ್ನು, ಮಳೆ ಬಿಟ್ಟ ಮರುದಿನ ಬುಡಕ್ಕೆ ಕೈಹಾಕಿ ಮೆಲ್ಲಗೆ ಎಳೆದರೆ, ಬೇರಿನ ಜತೆ ಎರೆಮಣ್ಣಿನ ಹೆಂಟೆಯೂ ಎದ್ದು ಬರುತ್ತದೆ. ಮಣ್ಣು ತೊಳೆದು ನೋಡಿದರೆ ಬೇರಿನ ತುಂಬ ಗಂಟುಗಳು. ಕೆಲವು ಸಾಸಿವೆಯಷ್ಟು, ಕೆಲವು ಮೆಣಸಿನ ಕಾಳಿನಷ್ಟು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಹಸಿ ಮಾಂಸದ ನಸುಗೆಂಪು. ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ನಂಟಿರುವ ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತು. ಕೆಂಪು ಕಂಡರೆ ಗಂಟು ದುಡಿಯುತ್ತಿದೆ ಎಂದು ಅರ್ಥ. ಬೂದು ಇಲ್ಲವೇ ಹಸಿರು ಬಣ್ಣವಿದ್ದರೆ ಅದು ಸುಮ್ಮನೆ ಕೂತಿದೆ. ಅಮೆರಿಕದ ಇಂಪಾಸಿಬಲ್ ಫುಡ್ಸ್ ಕಂಪನಿ ಇದೇ ವಸ್ತುವನ್ನು ಯೀಸ್ಟಿನಲ್ಲಿ ತಯಾರಿಸಿ, ಸಸ್ಯಾಹಾರದ ಬರ್ಗರಿಗೆ ಮಾಂಸದ ಬಣ್ಣ, ರುಚಿ ಬರಿಸಲು ಬಳಸುತ್ತದೆ.

ಗಂಟಿನೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಟ್ಟು ಸಾಕುತ್ತದೆ. ಆ ಸಾರಜನಕವೇ ಮುಂದೆ ಕಾಳಿನಲ್ಲಿ ಪ್ರೋಟೀನಾಗುತ್ತದೆ. ತೊಗರಿ, ಕಡಲೆಗಳಲ್ಲಿ ನೂರಕ್ಕೆ 20ರಿಂದ 22 ಪಾಲು ಪ್ರೋಟೀನಿದ್ದರೆ ಸೋಯಾದಲ್ಲಿ 36ರಿಂದ 40 ಪಾಲು. ಸಾಲದ್ದಕ್ಕೆ 18ರಿಂದ 20 ಪಾಲು ಎಣ್ಣೆ. ಒಂದೇ ಕಾಳಿನಲ್ಲಿ ಬೇಳೆಯೂ ಇದೆ, ಎಣ್ಣೆಯೂ ಇದೆ. ಆದರೆ ಸರ್ಕಾರದ ಲೆಕ್ಕದಲ್ಲಿ ಸೋಯಾ ಎಣ್ಣೆಕಾಳು, ಬೇಳೆಯ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ನಮ್ಮಲ್ಲಿ ಅದು ಬಾಳಿದ ಬಾಳೂ ಹಾಗೆಯೇ ಆಯಿತು.

ಭಾರತದಲ್ಲಿ ಸುಮಾರು 1.2 ಕೋಟಿ ಹೆಕ್ಟೇರಿನಲ್ಲಿ ಸೋಯಾ ಬೆಳೆಯುತ್ತದೆ. ಬೀದರ್ ಜಿಲ್ಲೆಯ ಮುಂಗಾರಿಗೆ ಅದೇ ದೊಡ್ಡ ಬೆಳೆ. ಬೆಳಗಾವಿ, ಧಾರವಾಡ, ಕಲಬುರಗಿ, ಹಾವೇರಿಗಳಲ್ಲೂ ಅದು ಬೇರೂರಿದೆ. ಇಷ್ಟಾದರೂ ಬೀದರಿನ ಮನೆಯೊಂದರಲ್ಲಿ ಸೋಯಾ ಕಾಳಿನ ಪಲ್ಯವೋ ಸಾರೋ ಕುದಿಯುವುದು ಅಪರೂಪ. ಪ್ರೋಟೀನಿನ ಕೊರತೆಯ ಮಾತು ದಿನಾ ಕೇಳುವ ದೇಶದಲ್ಲಿ, ಅತಿ ಹೆಚ್ಚು ಪ್ರೋಟೀನಿರುವ ಕಾಳು ಹೊಲದಿಂದ ನೇರ ಲಾರಿ ಹತ್ತಿ ಗಾಣದ ಕಾರ್ಖಾನೆಗೆ ಹೋಗುತ್ತದೆ. ಸೋಯಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ವರ್ಷಗಳಿಂದ ನಡೆದಿದೆ. ಅದನ್ನು ಬೆಳೆದವರು ಹೇಗೆ ಬೆಳೆದರು, ತಿಂದವರು ಹೇಗೆ ತಿಂದರು ಎಂದು ನೋಡದೆ ಆ ಚರ್ಚೆ ಮುಂದೆ ಸಾಗದು.

ಸೋಯಾದ ತವರು ಪೂರ್ವ ಏಷ್ಯಾ. ಚೀನಾದಲ್ಲಿ ಬಳ್ಳಿಯಂತೆ ಹಬ್ಬುವ ಕಾಡು ಸೋಯಾವನ್ನು ರೈತರು ಸಾವಿರಾರು ವರ್ಷಗಳ ಹಿಂದೆ ಪಳಗಿಸಿದರು. ಅಲ್ಲಿನವರು ಈ ಕಾಳನ್ನು ಬರೀ ಬೇಯಿಸಿ ತಿಂದು ಬಿಡಲಿಲ್ಲ. ನೆನೆಸಿದರು, ರುಬ್ಬಿದರು, ಹಾಲು ತೆಗೆದರು, ಹಾಲು ಒಡೆಸಿ ತೋಫು ಮಾಡಿದರು, ಬೂಸ್ಟು ಹಿಡಿಸಿ ತಿಂಗಳುಗಟ್ಟಲೆ ಹುದುಗು ಬರಿಸಿ ಸೋಯಾ ಸಾಸ್ ಇಳಿಸಿದರು. ಜಪಾನಿನ ಮಿಸೊ, ನೂಲು ನೂಲಾಗಿ ಅಂಟುವ ನಾಟ್ಟೊ, ಜಾವಾದ ಟೆಂಪೆ ಎಲ್ಲವೂ ಇದೇ ಪಾಕಶಾಲೆಯವು. ಹಸಿ ಸೋಯಾ ಹೊಟ್ಟೆಗೆ ಒಗ್ಗದು ಎಂಬ ಅನುಭವ ಈ ಅಡುಗೆಗಳೆಲ್ಲದರ ಹಿಂದೆ ಇದೆ. ಪ್ರೋಟೀನನ್ನು ಅರಗಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನೇ ಹಸಿ ಕಾಳಿನ ಒಂದು ಅಂಶ ಕಟ್ಟಿಹಾಕುತ್ತದೆ. 1917ರಲ್ಲಿ ಅಮೆರಿಕದ ಓಸ್ಬೋರ್ನ್ ಮತ್ತು ಮೆಂಡೆಲ್ ಇಲಿಗಳಿಗೆ ಸೋಯಾ ತಿನ್ನಿಸಿ ನೋಡಿದಾಗ, ಹಸಿ ಕಾಳು ತಿಂದವು ಸರಿಯಾಗಿ ಬೆಳೆಯಲಿಲ್ಲ, ಬೇಯಿಸಿದ್ದು ತಿಂದವು ಬೆಳೆದವು. ಏಷ್ಯಾದ ಅಜ್ಜಿಯರಿಗೆ ಗೊತ್ತಿದ್ದುದು ಆಗ ಪ್ರಯೋಗಾಲಯದಲ್ಲೂ ದಾಖಲಾಯಿತು.

ಪಶ್ಚಿಮಕ್ಕೆ ಹೋದ ಸೋಯಾ ಬೇರೆಯದೇ ದಾರಿ ಹಿಡಿಯಿತು. 1908ರ ಹೊತ್ತಿಗೆ ಮಂಚೂರಿಯಾದ ಕಾಳು ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿತ್ತು, ಎಣ್ಣೆಗಾಗಿ, ಸಾಬೂನಿಗಾಗಿ. ಅಮೆರಿಕದಲ್ಲಿ ಹೆನ್ರಿ ಫೋರ್ಡ್ ಇದರ ಹುಚ್ಚು ಹಚ್ಚಿಕೊಂಡು, ಸೋಯಾ ಬೆರೆತ ಪ್ಲಾಸ್ಟಿಕ್ ಹಲಗೆಗಳ ಕಾರೊಂದನ್ನು 1941ರಲ್ಲಿ ಜನರ ಮುಂದೆ ನಿಲ್ಲಿಸಿದರು. ಅದಕ್ಕಿಂತ ಹೆಚ್ಚು ನೆನಪಿಡಬೇಕಾದ ಹೆಸರು ಪರ್ಸಿ ಜೂಲಿಯನ್ ಅವರದು. ಕಪ್ಪು ಜನಾಂಗದವರೆಂಬ ಕಾರಣಕ್ಕೆ ವಿಶ್ವವಿದ್ಯಾಲಯಗಳ ಹುದ್ದೆ ಕೈತಪ್ಪಿದ ಈ ರಸಾಯನ ವಿಜ್ಞಾನಿ ಶಿಕಾಗೋದ ಗ್ಲಿಡನ್ ಕಂಪನಿ ಸೇರಿದರು. ಅಲ್ಲಿ ಸೋಯಾ ಎಣ್ಣೆಯ ತೊಟ್ಟಿಗೆ ನೀರು ಸೋರಿ, ಎಣ್ಣೆ ಕೆಟ್ಟಿತೆಂದು ಉಳಿದವರು ಕೈಚೆಲ್ಲಿದಾಗ, ತಳದಲ್ಲಿ ಕೂತ ಬಿಳಿ ಪದಾರ್ಥದ ಬೆಲೆ ಅವರಿಗೆ ಗೊತ್ತಾಯಿತು. ಆ ಸ್ಟೆರಾಲಿನಿಂದ ಅವರು ಪ್ರೊಜೆಸ್ಟೆರಾನ್ ಹಾರ್ಮೋನನ್ನು ಹೇರಳವಾಗಿ ತಯಾರಿಸುವ ದಾರಿ ಕಂಡುಕೊಂಡರು. ಸೋಯಾ ಪ್ರೋಟೀನಿನಿಂದಲೇ ಮಾಡಿದ ಬೆಂಕಿ ನಂದಿಸುವ ನೊರೆ ಎರಡನೆಯ ಮಹಾಯುದ್ಧದಲ್ಲಿ ಹಡಗಿನ ನಾವಿಕರ ಜೀವ ಉಳಿಸಿತು. ಇಂದು ಚಾಕೊಲೇಟಿನ ಲೆಸಿಥಿನ್, ಮುದ್ರಣದ ಶಾಯಿ, ಬಯೋಡೀಸೆಲ್, ಹೀಗೆ ಸೋಯಾ ಹೊಕ್ಕಿರದ ಉದ್ಯಮ ಹುಡುಕುವುದೇ ಕಷ್ಟ.

ಆದರೂ ಜಗತ್ತಿನ ಸೋಯಾದ ಬಹುಪಾಲು ಹೋಗುವುದು ಇವು ಯಾವುದಕ್ಕೂ ಅಲ್ಲ, ಕೋಳಿ, ಹಂದಿ, ದನಗಳ ಮೇವಿಗೆ. ವರ್ಷಕ್ಕೆ ಸುಮಾರು 40 ಕೋಟಿ ಟನ್ ಬೆಳೆಯುವ ಈ ಕಾಳಿನ ಮುಕ್ಕಾಲು ಭಾಗ ಹಿಂಡಿಯಾಗಿ ಪಶುಗಳ ಹೊಟ್ಟೆ ಸೇರುತ್ತದೆ. ಮನುಷ್ಯ ನೇರವಾಗಿ ತಿನ್ನುವುದು ನೂರಕ್ಕೆ ಹತ್ತು ಪಾಲೂ ಇಲ್ಲ.

ಈ ಮೇವಿನ ಸರಪಳಿ ಎಷ್ಟು ಉದ್ದ ಎಂಬುದಕ್ಕೆ 1972–73ರ ಕತೆಯೊಂದು ಸಾಕು. ಪೆರುವಿನ ಸಮುದ್ರದಲ್ಲಿ ಎಲ್ ನಿನೊ ಬಿಸಿನೀರು ನುಗ್ಗಿ ಆಂಕೊವಿ ಮೀನು ಮಾಯವಾಯಿತು. ಮೇವಿಗೆ ಬಳಸುತ್ತಿದ್ದ ಮೀನಿನ ಪುಡಿ ಸಿಗದೆ ಎಲ್ಲರೂ ಸೋಯಾದ ಕಡೆ ತಿರುಗಿದರು, ಬೆಲೆ ಗಗನಕ್ಕೇರಿತು. 1973ರ ಜೂನ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಫ್ತು ನಿಲ್ಲಿಸಿದರು. ತೋಫು, ಮಿಸೊ ತಿನ್ನುವ ಜಪಾನಿಗೆ ದಿಕ್ಕು ತೋಚದಂತಾಯಿತು. ಅಮೆರಿಕವನ್ನೇ ನೆಚ್ಚಿ ಕೂರಬಾರದೆಂದು ಅದು ಬ್ರೆಜಿಲ್‌ನ ಸೆರಾಡೊ ಎಂಬ ಹುಲ್ಲುಗಾಡಿನಲ್ಲಿ ಕೃಷಿ ಎಬ್ಬಿಸಲು ಹಣ ಹೂಡಿತು. ಅಲ್ಲಿನ ಹುಳಿ ಮಣ್ಣಿಗೆ ಸುಣ್ಣ ಸುರಿದರು. ಬಿಸಿಲ ನಾಡಿನ ಕಡಿಮೆ ಹಗಲಿಗೆ ಒಗ್ಗುವ ತಳಿಗಳನ್ನು ಬೆಳೆಸಿದರು. ಮಣ್ಣಿನ ವಿಜ್ಞಾನಿ ಜೊಹಾನಾ ದೊಬೆರೈನರ್ ಬೀಜಕ್ಕೆ ಬ್ಯಾಕ್ಟೀರಿಯ ಲೇಪಿಸಿ ಬಿತ್ತುವ ಪದ್ಧತಿಗೆ ಹಟ ಹಿಡಿದು ನಿಂತದ್ದರಿಂದ ಬ್ರೆಜಿಲ್ ಸೋಯಾಕ್ಕೆ ಯೂರಿಯಾ ಹಾಕುವ ಖರ್ಚೇ ಉಳಿಯಿತು. ಇಂದು ಆ ದೇಶ ವರ್ಷಕ್ಕೆ 15 ಕೋಟಿ ಟನ್ನಿಗೂ ಹೆಚ್ಚು ಬೆಳೆದು ಅಮೆರಿಕವನ್ನು ಹಿಂದೆ ಹಾಕಿದೆ. ಅದರ ಬಹುದೊಡ್ಡ ಗಿರಾಕಿ ಸೋಯಾದ ತವರಾದ ಚೀನಾ. ಅಲ್ಲಿನ ಹಂದಿಗಳಿಗೆ ಅಷ್ಟು ಮೇವು ಬೇಕು.

ಕಾಡು ಇದರ ಬೆಲೆ ತೆತ್ತಿತು. ಅಮೆಜಾನ್ ಕಡಿದು ಸೋಯಾ ಬೆಳೆಯುತ್ತಿರುವುದನ್ನು ಗ್ರೀನ್‌ಪೀಸ್ 2006ರಲ್ಲಿ ಜಗಜ್ಜಾಹೀರು ಮಾಡಿದ ಮೇಲೆ, ಹೊಸದಾಗಿ ಕಾಡು ಕಡಿದ ಜಾಗದ ಸೋಯಾ ಕೊಳ್ಳುವುದಿಲ್ಲವೆಂದು ದೊಡ್ಡ ವ್ಯಾಪಾರಿ ಕಂಪನಿಗಳು ಅದೇ ವರ್ಷ ಒಪ್ಪಿಕೊಂಡವು. ಅಮೆಜಾನ್‌ನಲ್ಲಿ ಅದರಿಂದ ನಿಜವಾಗಿಯೂ ತಡೆ ಬಿತ್ತು. ಸೆರಾಡೊಗೆ ಆ ರಕ್ಷಣೆ ಸಿಗಲಿಲ್ಲ, ಅಲ್ಲಿ ನೇಗಿಲು ನಿಲ್ಲಲಿಲ್ಲ. ಕಾಡು ಕಳೆದುಕೊಂಡ ಸಿಟ್ಟನ್ನು ಕೆಲವರು ತೋಫು ತಿನ್ನುವವರ ಮೇಲೆ ತೀರಿಸಿಕೊಳ್ಳುತ್ತಾರೆ. ಅದು ಅನ್ಯಾಯ. ಆ ಕಾಳು ಬಹುತೇಕ ಹೋಗುವುದು ಮಾಂಸದ ಉದ್ಯಮಕ್ಕೆ.

ಕುಲಾಂತರಿ ಸೋಯಾದ ಕತೆಯೂ ಇದೇ ಹೊಲಗಳದು. 1996ರಲ್ಲಿ ಮೊನ್ಸಾಂಟೊ ಕಂಪನಿ ಗ್ಲೈಫೊಸೇಟ್ ಕಳೆನಾಶಕವನ್ನು ತಾಳಿಕೊಳ್ಳುವ ಸೋಯಾ ತಂದಿತು. ಕಳೆ ಸಾಯುತ್ತದೆ, ಬೆಳೆ ಉಳಿಯುತ್ತದೆ. ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್‌ಗಳಲ್ಲಿ ಈಗ ಬೆಳೆಯುವುದು ಹೆಚ್ಚೂಕಡಿಮೆ ಇದನ್ನೇ. ಒಂದೇ ಔಷಧಿಯನ್ನು ವರ್ಷವರ್ಷವೂ ಹೊಡೆದದ್ದರಿಂದ ಅದಕ್ಕೆ ಜಗ್ಗದ ಕಳೆಗಳು ಹುಟ್ಟಿಕೊಂಡವು, ಇನ್ನೂ ಖಾರದ ಔಷಧಿಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೊಸೇಟನ್ನು ‘ಕ್ಯಾನ್ಸರ್ ತರುವ ಸಂಭವವಿರುವ’ ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕ, ಯುರೋಪುಗಳ ನಿಯಂತ್ರಣ ಸಂಸ್ಥೆಗಳು ಆ ಮಾತನ್ನು ಒಪ್ಪಿಲ್ಲ. ಈ ಜಗಳದಲ್ಲಿ ಮೊದಲು ನೆನಪಾಗಬೇಕಾದವರು ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಬಟ್ಟೆಯೂ ಇಲ್ಲದೆ ಔಷಧಿ ಹೊಡೆಯುವವರು.

ಭಾರತದಲ್ಲಿ ಕುಲಾಂತರಿ ಸೋಯಾ ಬೆಳೆಯಲು ಅನುಮತಿ ಇಲ್ಲ. ಹಾಗೆಂದು ಅದು ನಮ್ಮ ಮನೆ ಹೊಕ್ಕಿಲ್ಲ ಎನ್ನುವಂತಿಲ್ಲ. ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಬರುವ ಸೋಯಾ ಎಣ್ಣೆ ಕುಲಾಂತರಿ ಕಾಳಿನದೇ. 2021ರ ಆಗಸ್ಟ್‌ನಲ್ಲಿ ಸೋಯಾ ಕ್ವಿಂಟಲಿಗೆ ಹತ್ತು ಸಾವಿರ ರೂಪಾಯಿ ಮುಟ್ಟಿ ಕೋಳಿ ಸಾಕಣೆದಾರರು ಕಂಗಾಲಾದಾಗ, ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲೂ ಒಪ್ಪಿಗೆ ಕೊಟ್ಟಿತು.

ನಮ್ಮ ನೆಲಕ್ಕೆ ಸೋಯಾ ಹೊಸದಲ್ಲ. ಕುಮಾವೂಂ ಬೆಟ್ಟಗಳಲ್ಲಿ ‘ಭಟ್’ ಎಂಬ ಕರಿ ಸೋಯಾವನ್ನು ಹುರಿದು ಚುಡ್ಕಾಣಿ ಮಾಡಿ ಅನ್ನಕ್ಕೆ ಕಲಸಿಕೊಳ್ಳುವುದು ಹಳೆಯ ರೂಢಿ. ನಾಗಾಲ್ಯಾಂಡಿನ ಅಖುನಿ, ಮಣಿಪುರದ ಹವಾಯ್‌ಜಾರ್, ಸಿಕ್ಕಿಂನ ಕಿನೆಮಾ, ಮೇಘಾಲಯದ ತುಂಗ್ರಿಂಬಾಯ್ ಎಲ್ಲವೂ ಬೇಯಿಸಿದ ಕಾಳನ್ನು ಎಲೆಯಲ್ಲಿ ಸುತ್ತಿ ಬೆಚ್ಚಗಿಟ್ಟು ಹುದುಗು ಬರಿಸಿದವು. ವಾಸನೆ ಕಟುವಾದದ್ದು, ತಿಂದವರಿಗೇ ಅದರ ರುಚಿ ಗೊತ್ತು. ಗಾಂಧೀಜಿಯವರು 1935ರಲ್ಲಿ ವಾರ್ಧಾದ ಮಗನವಾಡಿಯ ಅಡುಗೆಮನೆಯಲ್ಲಿ ಸೋಯಾ ಪ್ರಯೋಗ ನಡೆಸಿ, ‘ಹರಿಜನ’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಬಡವರ ತಟ್ಟೆಗೆ ಅಗ್ಗದ ಪೌಷ್ಟಿಕತೆ ಸಿಗಲಿ ಎಂಬುದು ಅವರ ಹಂಬಲವಾಗಿತ್ತು.

1960ರ ದಶಕದಲ್ಲಿ ಅಮೆರಿಕದ ಹಳದಿ ತಳಿಗಳು ಬಂದಾಗ ಆ ಹಂಬಲ ಹಿಂದೆ ಉಳಿಯಿತು. ಪಂತನಗರ ಮತ್ತು ಜಬಲ್ಪುರದ ಕೃಷಿ ವಿಶ್ವವಿದ್ಯಾಲಯಗಳು ಇಲಿನಾಯ್ ವಿಶ್ವವಿದ್ಯಾಲಯದ ನೆರವಿನಿಂದ ಬೆಳೆ ಹಬ್ಬಿಸಿದವು. ಮಧ್ಯಪ್ರದೇಶದ ಮಾಳ್ವದ ಎರೆಭೂಮಿ ಮಳೆಗಾಲದಲ್ಲಿ ಕೆಸರಾಗುತ್ತದೆಂದು ರೈತರು ಹಿಂಗಾರಿನವರೆಗೆ ಪಾಳು ಬಿಡುತ್ತಿದ್ದರು. ಆ ಪಾಳನ್ನು ಸೋಯಾ ತುಂಬಿತು. ನೂರು ದಿನದಲ್ಲಿ ರೊಕ್ಕ, ಹಿಂದೆಯೇ ಕಡಲೆ ಅಥವಾ ಗೋಧಿ. ಇಂದೋರಿನ ಸುತ್ತ ಕಾರ್ಖಾನೆಗಳೆದ್ದವು. ಅವುಗಳಿಗೆ ಬೇಕಿದ್ದದ್ದು ಎಣ್ಣೆ ಮತ್ತು ರಫ್ತಿಗೆ ಹಿಂಡಿ. ಅಲ್ಲಿಂದ ಮಹಾರಾಷ್ಟ್ರದ ವಿದರ್ಭ, ಮರಾಠವಾಡ ದಾಟಿ ಬೆಳೆ ಬೀದರಿಗೆ ಇಳಿಯಿತು.

ಬೀದರಿನಲ್ಲಿ ಸೋಯಾ ಕೂತದ್ದು ಜೋಳ, ಹೆಸರು, ಉದ್ದುಗಳ ಜಾಗದಲ್ಲಿ. ರೈತರ ಲೆಕ್ಕ ತಪ್ಪಾಗಿರಲಿಲ್ಲ. ಕೂಲಿ ಕಡಿಮೆ, ಬಿತ್ತನೆಗೂ ರಾಶಿಗೂ ಯಂತ್ರ ಸಿಗುತ್ತದೆ, ಮಾರಿದ ದಿನವೇ ದುಡ್ಡು ಕೈಸೇರುತ್ತದೆ. ಕಳೆದುಕೊಂಡದ್ದೂ ಇದೆ. ಜೋಳ ಹೋದ ಕಡೆ ಕಣಿಕೆಯ ಬಣವೆಯೂ ಹೋಯಿತು. ಸೋಯಾ ಹೊಟ್ಟನ್ನು ದನಗಳು ಕಣಿಕೆಯಷ್ಟು ಇಷ್ಟಪಟ್ಟು ತಿನ್ನುವುದಿಲ್ಲ. ಹೆಸರು, ಉದ್ದು ಹೋದ ಕಡೆ ಮನೆಬಳಕೆಯ ಬೇಳೆಯನ್ನು ಅಂಗಡಿಯಿಂದ ತರಬೇಕಾಯಿತು. ನಡುವೆ ತೊಗರಿ ಸಾಲು ಬಿಟ್ಟು ಬಿತ್ತಿದವರು ಇದ್ದುದರಲ್ಲಿ ಜಾಣರು. ಸೋಯಾ ಕೈಕೊಟ್ಟರೆ ತೊಗರಿ ಕೈಹಿಡಿಯುತ್ತದೆ.

ಸೋಯಾದ ಬೀಜ ಮಹಾ ಸೂಕ್ಷ್ಮ. ಸಿಪ್ಪೆ ತೆಳ್ಳಗಿದ್ದು, ಮೊಳಕೆಯ ಮೂತಿ ಅದರ ಕೆಳಗೇ ಇರುತ್ತದೆ. ರಾಶಿ ಯಂತ್ರ ಜೋರಾಗಿ ತಿರುಗಿದರೆ, ಲಾರಿಯಿಂದ ಚೀಲ ಎತ್ತಿ ಎಸೆದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಮೊಳಕೆ ಸಾಯುತ್ತದೆ. 2020ರ ಮುಂಗಾರಿನಲ್ಲಿ ಮರಾಠವಾಡದಲ್ಲಿ ಬಿತ್ತಿದ ಬೀಜ ಹುಟ್ಟಲೇ ಇಲ್ಲವೆಂದು ಸಾವಿರಾರು ರೈತರು ದೂರು ಕೊಟ್ಟರು, ಪ್ರಕರಣ ಹೈಕೋರ್ಟಿನ ತನಕ ಹೋಯಿತು. ಬಲ್ಲವರು ಬಿತ್ತನೆಗೆ ಮುಂಚೆ ನೂರು ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡುತ್ತಾರೆ. ನಾಲ್ಕೈದು ದಿನದ ಮೇಲೆ ಬಿಚ್ಚಿದಾಗ ಎಪ್ಪತ್ತಾದರೂ ಮೊಳೆತಿದ್ದರೆ ಆ ಬೀಜ ಕೂರಿಗೆಗೆ ಬೀಳುತ್ತದೆ, ಇಲ್ಲವಾದರೆ ಇಲ್ಲ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ಪ್ರತಿ ಹಳ್ಳಿಯಲ್ಲೂ ನಡೆಯಬೇಕು.

ರೋಗಗಳಲ್ಲಿ ಕೃಷ್ಣಾ ತೀರದ ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರ ಭಾಗವನ್ನು ಕಾಡಿದ್ದು ತುಕ್ಕು ರೋಗ. ಎಲೆಯ ಕೆಳಗೆ ಕಂದು ಪುಡಿ ಕಾಣಿಸಿಕೊಂಡರೆ ಕೆಲವೇ ದಿನಗಳಲ್ಲಿ ಹೊಲ ಸುಟ್ಟಂತಾಗುತ್ತದೆ. ಇಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಲಸ ಮೆಚ್ಚುವಂಥದ್ದು. ಅವರ ಡಿಎಸ್‌ಬಿ 21 ತಳಿ ತುಕ್ಕನ್ನು ತಡೆದುಕೊಂಡು ನಿಂತಿತು. ಇಳುವರಿಯ ಮಾತು ಬಂದಾಗ ಮಾತ್ರ ತಲೆ ತಗ್ಗಿಸಬೇಕು. ದೇಶದ ಸರಾಸರಿ ಹೆಕ್ಟೇರಿಗೆ 10–12 ಕ್ವಿಂಟಲ್ ಇದ್ದರೆ, ಬ್ರೆಜಿಲ್, ಅಮೆರಿಕಗಳದು ಅದರ ಮೂರು ಪಟ್ಟು.

ಮತ್ತೆ ಬೆಲೆ. ಅಕ್ಟೋಬರ್ ಬಂತೆಂದರೆ ಬೀದರ್ ಕಡೆ ಕಿವಿಗೆ ಬೀಳುವ ಮೊದಲ ಪ್ರಶ್ನೆ ‘ಲಾತೂರದಾಗ ರೇಟ್ ಎಷ್ಟದ?’ ಎಂಬುದು. ಮಹಾರಾಷ್ಟ್ರದ ಲಾತೂರು ಪೇಟೆಯ ರೇಟನ್ನು ನಿರ್ಧರಿಸುವುದು ಬ್ರೆಜಿಲ್‌ನ ಮಳೆ, ಶಿಕಾಗೋದ ವಾಯಿದೆ ಪೇಟೆ, ದಿಲ್ಲಿಯ ಆಮದು ಸುಂಕ. 2024ರ ಮುಂಗಾರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ಪೇಟೆಯಲ್ಲಿ ನಡೆದದ್ದು ಅದಕ್ಕಿಂತ ನೂರಾರು ರೂಪಾಯಿ ಕೆಳಗೆ. ಖರೀದಿ ಕೇಂದ್ರಕ್ಕೆ ಚೀಲ ತಂದವರಿಗೆ ತೇವಾಂಶದ ಮೀಟರ್ ಅಡ್ಡ ನಿಂತಿತು. ನೂರಕ್ಕೆ 12 ದಾಟಿದರೆ ವಾಪಸ್ಸು. ಹಿಂಗಾರು ಮಳೆಯಲ್ಲಿ ನೆನೆದ ಕಾಳನ್ನು ಒಣಗಿಸಲು ಅಂಗಳವೂ ಬಿಸಿಲೂ ಇಲ್ಲದವರು ಅಡತಿ ಅಂಗಡಿಗೇ ಹೋಗಿ ಕೇಳಿದ ಬೆಲೆಗೆ ಕೊಟ್ಟುಬಂದರು. ಮಿತಿಯನ್ನು 15ಕ್ಕೆ ಏರಿಸಿದ ಆದೇಶ ಹೊರಬಂದದ್ದು ನವೆಂಬರ್ ಮಧ್ಯಕ್ಕೆ, ಎಷ್ಟೋ ಜನ ಮಾರಿ ಮುಗಿಸಿದ ಮೇಲೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಏರಿಸಿದ್ದ ಕಚ್ಚಾ ಅಡುಗೆ ಎಣ್ಣೆಯ ಆಮದು ಸುಂಕವನ್ನು 2025ರ ಮೇ ಕೊನೆಗೆ ಮತ್ತೆ ಇಳಿಸಲಾಯಿತು. ತನ್ನ ಅಡುಗೆ ಎಣ್ಣೆಯ ಅರ್ಧಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ದೇಶದಲ್ಲಿ ಎಣ್ಣೆಕಾಳು ಬೆಳೆದವನೇ ನಷ್ಟದಲ್ಲಿ ಕೂರುವುದು ನೋಡಲಾಗದ ಸಂಗತಿ.

ಇನ್ನು ತಟ್ಟೆಯ ವಿಚಾರ. ಸೋಯಾದ ಬಗ್ಗೆ ಹಬ್ಬಿರುವ ಭಯಗಳಲ್ಲಿ ದೊಡ್ಡದು ಹಾರ್ಮೋನಿನದು. ಅದರಲ್ಲಿರುವ ಐಸೊಫ್ಲೇವೊನ್‌ಗಳು ಈಸ್ಟ್ರೋಜನ್ ಹಾರ್ಮೋನನ್ನು ಹೋಲುತ್ತವೆ ಎಂಬುದು ನಿಜ. ಅದರಿಂದ ಗಂಡಸರ ಗಂಡಸುತನ ಕುಂದುತ್ತದೆ, ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ. ಅಮೆರಿಕದ ಅರವತ್ತು ವರ್ಷದ ವ್ಯಕ್ತಿಯೊಬ್ಬರ ಎದೆ ಊದಿಕೊಂಡ ಪ್ರಕರಣ 2008ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಆತ ಕುಡಿಯುತ್ತಿದ್ದದ್ದು ದಿನಕ್ಕೆ ಸುಮಾರು ಮೂರು ಲೀಟರ್ ಸೋಯಾ ಹಾಲು. ನಿಲ್ಲಿಸಿದ ಮೇಲೆ ಸರಿಹೋಯಿತು. ಸಾಮಾನ್ಯ ಪ್ರಮಾಣದಲ್ಲಿ ಸೋಯಾ ತಿಂದ ಗಂಡಸರ ಟೆಸ್ಟೊಸ್ಟಿರೋನ್ ತಗ್ಗುವುದಿಲ್ಲವೆಂದು 2010 ಮತ್ತು 2021ರ ಎರಡು ದೊಡ್ಡ ವಿಶ್ಲೇಷಣೆಗಳು ತೋರಿಸಿವೆ. ಸ್ತನ ಕ್ಯಾನ್ಸರಿನಿಂದ ಬದುಕುಳಿದ ಶಾಂಘೈನ ಐದು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ 2009ರ ಅಧ್ಯಯನದಲ್ಲಿ, ಸೋಯಾ ಆಹಾರ ಹೆಚ್ಚು ತಿಂದವರಲ್ಲಿ ರೋಗ ಮರುಕಳಿಸುವುದೂ ಸಾವೂ ಕಡಿಮೆಯೇ ಇತ್ತು. ಅದು ಆಹಾರದ ಮಾತು. ಐಸೊಫ್ಲೇವೊನ್ ಸಾಂದ್ರವಾಗಿ ತುಂಬಿದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗುವುದು ಬೇರೆಯೇ ವಿಷಯ.

ಹೊಗಳಿಕೆಯೂ ಅತಿಯಾಗಿದೆ. ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯರೋಗದ ಅಪಾಯ ತಗ್ಗಿಸುತ್ತದೆಂದು ಪೊಟ್ಟಣದ ಮೇಲೆ ಬರೆದುಕೊಳ್ಳಲು ಅಮೆರಿಕದ ಎಫ್‌ಡಿಎ 1999ರಲ್ಲಿ ಅನುಮತಿಸಿತ್ತು. ಸಾಕ್ಷ್ಯ ಅಷ್ಟು ಗಟ್ಟಿಯಿಲ್ಲವೆಂದು 2017ರಲ್ಲಿ ಅದನ್ನು ಹಿಂತೆಗೆಯುವ ಪ್ರಸ್ತಾವ ಮುಂದಿಟ್ಟಿತು. ಕೆಟ್ಟ ಕೊಲೆಸ್ಟರಾಲು ನೂರಕ್ಕೆ ಮೂರು–ನಾಲ್ಕರಷ್ಟು ಇಳಿಯುತ್ತದೆ, ಅಷ್ಟೇ. ಕೊಬ್ಬಿನ ಮಾಂಸದ ಬದಲು ಸೋಯಾ ತಿಂದರೆ ಲಾಭ ಹೆಚ್ಚು.

ನಿಜವಾಗಿ ಎಚ್ಚರ ಬೇಕಾದವರು ಕೆಲವರಿದ್ದಾರೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆಯಲ್ಲಿ ಸೋಯಾ ಆ ಔಷಧಿ ಹೀರಿಕೆಯಾಗುವುದನ್ನು ತಡೆಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಸೋಯಾ ತಿನ್ನಲು ಮೂರು–ನಾಲ್ಕು ತಾಸು ಬಿಡುವುದು ಒಳ್ಳೆಯದು. ಸೋಯಾ ಅಲರ್ಜಿ ಇರುವವರು, ಅದರಲ್ಲೂ ಎಳೆ ಮಕ್ಕಳ ತಾಯಂದಿರು, ಬಿಸ್ಕತ್ತಿನಿಂದ ಹಿಡಿದು ಪ್ರತಿ ಪೊಟ್ಟಣದ ಹಿಂಬದಿ ಓದಬೇಕು. ಸೋಯಾ ಹಾಲು ತಾಯಿಯ ಹಾಲಿಗೆ ಎಂದೂ ಬದಲಿಯಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆಯವರಿಗೆ ನಾಟ್ಟೊ ಬೇಡ, ಅದರಲ್ಲಿ ಕೆ ವಿಟಮಿನ್ ವಿಪರೀತ.

ಕರ್ನಾಟಕದ ಅಡುಗೆಮನೆಗಳಲ್ಲಿ ಸೋಯಾ ಎಂದರೆ ‘ಮೀಲ್ ಮೇಕರ್’. ಅದು ಎಣ್ಣೆ ತೆಗೆದ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಉಬ್ಬಿಸಿದ ಉಂಡೆ. ನೂರು ಗ್ರಾಮಿನಲ್ಲಿ ಸುಮಾರು 52 ಗ್ರಾಂ ಪ್ರೋಟೀನ್ ಎಂಬುದು ಒಣ ತೂಕದ ಮಾತು. ಒಬ್ಬರು ತಿನ್ನುವುದು ಒಂದು ಹಿಡಿ, ಅಂದರೆ 25–30 ಗ್ರಾಂ. ಆದರೂ ಹದಿಮೂರರಿಂದ ಹದಿನೈದು ಗ್ರಾಂ ಪ್ರೋಟೀನ್ ಬಂತು, ಅದೂ ಕೆಲವೇ ರೂಪಾಯಿಗೆ. ಕುದಿಯುವ ನೀರಿನಲ್ಲಿ ಬೇಯಿಸಿ, ಎರಡು ಸಲ ತಣ್ಣೀರಿನಲ್ಲಿ ಹಿಂಡಿದರೆ ವಾಸನೆ ಹೋಗುತ್ತದೆ, ಮಸಾಲೆ ಚೆನ್ನಾಗಿ ಹೀರುತ್ತದೆ.

ಇಡೀ ಕಾಳನ್ನು ಮನೆಗೆ ತರದಂತೆ ತಡೆದದ್ದೂ ಆ ಹಸಿ ವಾಸನೆಯೇ. ಅದು ಕಾಳಿನಲ್ಲಿ ಮೊದಲೇ ಇರುವುದಿಲ್ಲ. ನೆನೆದ ಕಾಳನ್ನು ತಣ್ಣಗೆ ರುಬ್ಬಿದ ಕ್ಷಣ ಲಿಪಾಕ್ಸಿಜನೇಸ್ ಎಂಬ ಕಿಣ್ವ ಎಣ್ಣೆಯನ್ನು ಮುಟ್ಟಿ ಅದನ್ನು ಹುಟ್ಟಿಸುತ್ತದೆ. ಹಾಗಾಗಿ ಕಾಳನ್ನು ಮೊದಲೇ ಮರಳುವ ನೀರಿಗೆ ಹಾಕಿ ಇಪ್ಪತ್ತು–ಇಪ್ಪತ್ತೈದು ನಿಮಿಷ ಬೇಯಿಸಬೇಕು. ಕಿಣ್ವ ಸಾಯುತ್ತದೆ, ಟ್ರಿಪ್ಸಿನ್ ತಡೆಯೂ ಕುಗ್ಗುತ್ತದೆ. ಆಮೇಲೆ ಒಣಗಿಸಿ, ಒಂಬತ್ತು ಕಿಲೋ ಗೋಧಿಗೆ ಒಂದು ಕಿಲೋ ಬೆರೆಸಿ ಗಿರಣಿಗೆ ಕೊಟ್ಟರೆ ಚಪಾತಿಯ ರುಚಿ ಕೆಡುವುದಿಲ್ಲ. ಗೋಧಿ, ಜೋಳಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಸೋಯಾದಲ್ಲಿ ಹೇರಳ, ಸೋಯಾದಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯಗಳಲ್ಲಿದೆ; ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಂದೋರಿನ ಸೋಯಾ ಸಂಶೋಧನಾ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಎನ್‌ಆರ್‌ಸಿ 127 ತಳಿಯಲ್ಲಿ ಟ್ರಿಪ್ಸಿನನ್ನು ಕಟ್ಟುವ ಮುಖ್ಯ ಅಂಶವೇ ಇಲ್ಲ, ಎನ್‌ಆರ್‌ಸಿ 142ರಲ್ಲಿ ಅದರ ಜತೆ ವಾಸನೆ ಹುಟ್ಟಿಸುವ ಕಿಣ್ವವನ್ನೂ ತೆಗೆದಿದ್ದಾರೆ. ಅಡುಗೆಮನೆಗೆಂದೇ ಹುಟ್ಟಿದ ಕಾಳುಗಳಿವು.

ಇವನ್ನು ಬೇರೆಯಾಗಿ ಕೊಳ್ಳುವ ಗಿರಾಕಿ ಬೀದರಿನ ಪೇಟೆಯಲ್ಲಿ ಇನ್ನೂ ಇಲ್ಲ. ಗಾಣದ ಕಾರ್ಖಾನೆ ಎಲ್ಲ ಕಾಳನ್ನೂ ಒಂದೇ ರಾಶಿಗೆ ಸುರಿದು ಒಂದೇ ಬೆಲೆ ಕಟ್ಟುತ್ತದೆ. ಅಂಗನವಾಡಿಗೋ ಹಾಸ್ಟೆಲಿಗೋ ಬೇಕಾದ ಕಾಳನ್ನು ಅದೇ ತಾಲ್ಲೂಕಿನ ರೈತ ಸಂಘದಿಂದ ನೇರವಾಗಿ ಕೊಂಡರೆ ಇಂಥ ತಳಿಗೆ ಬಿತ್ತುವವರೂ ಸಿಗುತ್ತಾರೆ, ತಿನ್ನುವವರೂ ಸಿಗುತ್ತಾರೆ. ಸದ್ಯಕ್ಕೆ ರಾಶಿ ಮುಗಿದ ಮೇಲೆ ಮನೆಯ ಮೂಲೆಯಲ್ಲಿ ಉಣ್ಣಲೆಂದು ಉಳಿಯುವುದು ಜೋಳದ ಚೀಲ, ತೊಗರಿಯ ಚೀಲ. ಅವುಗಳ ಪಕ್ಕದಲ್ಲಿ ಒಂದೋ ಎರಡೋ ಸೋಯಾ ಚೀಲ, ನೆಲದ ತೇವ ತಾಗದಂತೆ ಹಲಗೆಯ ಮೇಲೆ ಜೋಪಾನವಾಗಿ ನಿಲ್ಲಿಸಿದ್ದು, ಮುಂದಿನ ಜೂನಿನ ಬಿತ್ತನೆಗೆ.